ಮನಿಲಾದ ಕಂದು ಲಕೋಟೆ

ಮಗ ಕೆಲಸದ ಮೇಲೆ ಮನಿಲಾಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ‘ಬನ್ನಿ, ಬನ್ನಿ’ ಎಂದು ಅವನು ಕರೆಯುತ್ತಲೇ ಇದ್ದ. ‘ಅಲ್ಲಿ ಹೋಗಿ ತಿನ್ನೋದೇನು?’ ಎಂದು ನನ್ನಾಕೆ ಮುಂದಕ್ಕೆ ಹಾಕುತ್ತಲೇ ಇದ್ದಳು. ಕೊನೆಗೆ ಹೋದ ವರ್ಷ ಸಂಕ್ರಾಂತಿ ಮುಗಿಸಿಕೊಂಡು, ಸಾರಿನ ಪುಡಿ, ಚಟ್ನಿಪುಡಿ, ಅವಲಕ್ಕಿ ಎಲ್ಲ ಒಂದು ಪೆಟ್ಟಿಗೆಗೆ ತುಂಬಿಕೊಂಡು ಶಿವಮೊಗ್ಗದಿಂದ ಹೊರಟೆವು. ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಮನಿಲಾ. ಇಳಿದ ಮೇಲೆ ಕೈಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡೆ.

ಫಿಲಿಪ್ಪೀನ್ಸ್ ಎಂದರೆ ಒಂದು ನೆಲವಲ್ಲ, 7,641 ದ್ವೀಪಗಳು. ಅಷ್ಟು ದೂರದ ಊರಾದರೂ ಮೊದಲ ದಿನವೇ ನಮಗೆ ಪರಿಚಿತರು ಸಿಕ್ಕಿದರು. ಮೊದಲನೆಯದು ಮಲ್ಲಿಗೆ. ಅಲ್ಲಿಯವರ ರಾಷ್ಟ್ರೀಯ ಹೂವು ‘ಸಂಪಗೀತ’. ನೋಡಿದರೆ ನಮ್ಮ ದುಂಡುಮಲ್ಲಿಗೆಯೇ! ಚರ್ಚುಗಳ ಮುಂದೆ ಮಕ್ಕಳು ಮಾಲೆ ಕಟ್ಟಿ ಮಾರುತ್ತಾರೆ. ನನ್ನಾಕೆ ಒಂದು ಮಾಲೆ ಕೊಂಡು ಮುಡಿದುಕೊಂಡಳು. ದೇವರಿಗೆ ಹಾಕುವ ಮಾಲೆಯನ್ನು ಈಕೆ ತಲೆಗೆ ಮುಡಿದದ್ದನ್ನು ಕಂಡು ಮಾರುವ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಎರಡನೆಯ ಪರಿಚಿತರು ಮಾತುಗಳು. ಮಕ್ಕಳೇ, ಅವರ ಟಗಾಲೊಗ್ ಭಾಷೆಯಲ್ಲಿ ಮೇಷ್ಟ್ರಿಗೆ ಏನನ್ನುತ್ತಾರೆ ಗೊತ್ತೇ? ‘ಗುರೊ’. ಮುಖಕ್ಕೆ? ‘ಮುಖಾ’! ನೂರಾರು ವರ್ಷಗಳ ಹಿಂದೆ ಹಡಗು ಹತ್ತಿ ಹೋದ ಸಂಸ್ಕೃತದ ಮಾತುಗಳು ಇನ್ನೂ ಅಲ್ಲೇ ಉಳಿದಿವೆ. ಮೂರನೆಯದು ‘ಪುತೊ’ ಎಂಬ ತಿಂಡಿ. ಅಕ್ಕಿಹಿಟ್ಟನ್ನು ಆವಿಯಲ್ಲಿ ಬೇಯಿಸಿದ್ದು, ಇಡ್ಲಿಯ ಸಿಹಿ ತಂಗಿ ಎನ್ನಿ. ತಿನ್ನುವುದೇನು ಎಂಬ ಚಿಂತೆ ಅರ್ಧ ತೀರಿತು.

ಮಗನ ಮನೆ ಇದ್ದದ್ದು ಮನಿಲಾಕ್ಕೆ ಅಂಟಿಕೊಂಡಿರುವ ಕೆಸೋನ್ ಸಿಟಿಯಲ್ಲಿ, ಕುಬಾವೊ ಎಂಬ ಗಿಜಿಗುಟ್ಟುವ ಬಡಾವಣೆಯ ಹತ್ತಿರ. ಪಕ್ಕದ ಮನೆಯಲ್ಲಿ ಮೂರು ಜನ: ಅರವತ್ತೆಂಟು ವರ್ಷದ ಅಜ್ಜಿ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವರ ಮಗಳು, ಎಂಟು ವರ್ಷದ ಮೊಮ್ಮಗ. ಅಜ್ಜಿಗೆ ಅಲ್ಲಿ ‘ಲೋಲ’, ತಾತನಿಗೆ ‘ಲೋಲೊ’ ಎನ್ನುತ್ತಾರೆ. ಮೊದಲ ದಿನವೇ ನಾನು ಲೋಲೊ ಆದೆ. ಅಕ್ಕನಿಗೆ ‘ಆತೆ’. ಕಟ್ಟಡದವರೆಲ್ಲ ನರ್ಸಮ್ಮನನ್ನು ‘ಆತೆ, ಆತೆ’ ಎಂದು ಕರೆಯುತ್ತಿದ್ದರು. ನನ್ನಾಕೆ ಎರಡು ದಿನ ನೋಡಿ, ‘ಇಷ್ಟು ಚಿಕ್ಕ ವಯಸ್ಸಿಗೇ ಇವಳು ಎಲ್ಲರಿಗೂ ಅತ್ತೆ ಹೇಗಾದಳ್ರೀ?’ ಎಂದು ಕೇಳಿದಳು.

ಆ ಹುಡುಗ ನಮ್ಮನ್ನು ಕಂಡಾಗಲೆಲ್ಲ ‘ಮಾನೊ ಪೊ’ ಎಂದು ನಮ್ಮ ಕೈ ಹಿಡಿದು, ಬಗ್ಗಿ, ಅದನ್ನು ತನ್ನ ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಅದು ಹಿರಿಯರ ಆಶೀರ್ವಾದ ಬೇಡುವ ಅವರ ಪದ್ಧತಿ. ‘ಪೊ’ ಎನ್ನುವುದು ಗೌರವದ ಮಾತು, ನಮ್ಮ ‘ರೀ’ ಇದ್ದ ಹಾಗೆ. ನನ್ನಾಕೆ ಪ್ರತಿಸಲವೂ ಅವನ ತಲೆ ಮುಟ್ಟಿ ‘ದೀರ್ಘಾಯುಷ್ಮಾನ್ ಭವ’ ಎನ್ನುತ್ತಿದ್ದಳು. ಅವನು ಅದನ್ನು ಉರು ಹೊಡೆದು ನಮಗೇ ಹೇಳತೊಡಗಿದ.

ಸಂಜೆ ತಿರುಗಾಡಲು ಹೋದಾಗ ಬೀದಿಯಲ್ಲಿ ಒಂದು ವಿಚಿತ್ರ ಕಂಡೆ. ನಮ್ಮೂರಿನ ಫ್ಲೆಕ್ಸಿನಂಥ ಬ್ಯಾನರು ಅಲ್ಲಿಯೂ ಉಂಟು. ಆದರೆ ಅನೇಕ ಬ್ಯಾನರುಗಳಲ್ಲಿ ರಾಜಕಾರಣಿಗಳಿಲ್ಲ. ಬಿಳಿ ಅಂಗಿ ತೊಟ್ಟ ಹುಡುಗಿಯರು, ಹುಡುಗರು! ನರ್ಸಿಂಗ್ ಪರೀಕ್ಷೆ ಪಾಸಾದದ್ದಕ್ಕೆ ತಂದೆತಾಯಿ ಮನೆಮುಂದೆ ಕಟ್ಟಿಸಿದ ಅಭಿನಂದನೆ. ‘ಅದಕ್ಕೆ ಇಷ್ಟು ಸಂಭ್ರಮವೇ?’ ಎಂದು ಕೇಳಿದ್ದಕ್ಕೆ ಲೋಲ ಹೇಳಿದರು: ‘ಒಂದು ಮನೆಯಲ್ಲಿ ಒಬ್ಬ ನರ್ಸ್ ಪಾಸಾದರೆ ಇಡೀ ಮನೆ ಪಾಸಾದ ಹಾಗೆ.’

ಯಾಕೆ ಹಾಗೆ ಎನ್ನುವುದಕ್ಕೆ ಸ್ವಲ್ಪ ಚರಿತ್ರೆ ಹೇಳಬೇಕು. 1898ರಲ್ಲಿ ಸ್ಪೇನಿನ ಕೈಯಿಂದ ಈ ದ್ವೀಪಗಳು ಅಮೆರಿಕದ ಕೈಗೆ ಹೋದವು. ಅಮೆರಿಕದವರು ಶಾಲೆಗಳ ಜೊತೆಗೆ ಆಸ್ಪತ್ರೆಗಳನ್ನೂ ಕಟ್ಟಿದರು. 1906ರಲ್ಲಿ ಇಲೊಯಿಲೊ ಎಂಬ ಊರಿನ ಮಿಷನ್ ಆಸ್ಪತ್ರೆಯಲ್ಲಿ ದೇಶದ ಮೊದಲ ನರ್ಸಿಂಗ್ ಶಾಲೆ ಶುರುವಾಯಿತು. 1909ರಲ್ಲಿ ಅಲ್ಲಿಂದ ಮೊದಲ ಸಲ ಹೊರಬಂದವರು ಮೂರೇ ಜನ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಪದ್ಧತಿಯೆಲ್ಲ ಅಮೆರಿಕದ್ದು. ಹಾಗಾಗಿ ಅಲ್ಲಿ ಕಲಿತವರು ಅಮೆರಿಕದ ಆಸ್ಪತ್ರೆಗೆ ಹೋಗಿ ನಿಂತರೂ ಕೆಲಸ ಮಾಡಬಲ್ಲವರಾಗಿದ್ದರು. 1948ರಲ್ಲಿ ತರಬೇತಿಗೆಂದು ಹೋಗಿಬರುವ ಯೋಜನೆಯೊಂದು ಬಂತು. 1965ರಲ್ಲಿ ಅಮೆರಿಕ ವಲಸೆಯ ಕಾನೂನು ಸಡಿಲಿಸಿದ ಮೇಲಂತೂ ಬಾಗಿಲು ಪೂರ್ತಿ ತೆರೆಯಿತು. ಆಮೇಲೆ ಸೌದಿ, ಇಂಗ್ಲೆಂಡ್, ಸಿಂಗಪುರ, ಜರ್ಮನಿ, ಜಪಾನ್. ಜಪಾನಿಗೆ ಹೋದವರು ಅಲ್ಲಿಯ ನರ್ಸಿಂಗ್ ಪರೀಕ್ಷೆಯನ್ನು ಜಪಾನಿ ಭಾಷೆಯಲ್ಲೇ ಬರೆಯಬೇಕು!

ನಮ್ಮ ಪಕ್ಕದ ಮನೆಯ ಆತೆ ಹುಟ್ಟಿದ್ದು, ಓದಿದ್ದು ಅದೇ ಇಲೊಯಿಲೊದಲ್ಲಿ. ಈಗ ಇಂಗ್ಲೆಂಡಿಗೆ ಹೋಗುವ ತಯಾರಿಯಲ್ಲಿದ್ದಳು. ಕೆಲಸ ಮಾಡುತ್ತಿದ್ದ ಖಾಸಗಿ ಆಸ್ಪತ್ರೆಯಲ್ಲಿ ಅವಳಿಗೆ ತಿಂಗಳಿಗೆ ಬರುತ್ತಿದ್ದುದು ಇಪ್ಪತ್ತು ಸಾವಿರ ಪೆಸೊಗಿಂತ ಕಡಿಮೆ. ನಮ್ಮ ಲೆಕ್ಕದಲ್ಲಿ ಸುಮಾರು ಮೂವತ್ತು ಸಾವಿರ ರೂಪಾಯಿ. ಮನಿಲಾದ ಬಾಡಿಗೆ, ಶಾಲೆಯ ಫೀಸು, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲ ಅದರಲ್ಲೇ ಆಗಬೇಕು. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇಪ್ಪತ್ತು ರೋಗಿಗಳನ್ನು ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಬಂದವಳು ಮೆಟ್ಟಿಲ ಮೇಲೆಯೇ ಕೂತು ಬೂಟು ಬಿಚ್ಚುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಇಂಗ್ಲೆಂಡಿಗೆ ಹೋಗಿ ನರ್ಸ್ ಆಗುವುದೆಂದರೆ ವಿಮಾನ ಹತ್ತಿದ ಹಾಗಲ್ಲ. ಮೊದಲು ಇಂಗ್ಲಿಷ್ ಪರೀಕ್ಷೆ. ಓದು, ಬರಹ, ಮಾತು, ಕೇಳುವುದು ಎಂದು ಅದರಲ್ಲಿ ನಾಲ್ಕು ಭಾಗ. ಆಮೇಲೆ ಕಂಪ್ಯೂಟರಿನಲ್ಲಿ ನರ್ಸಿಂಗ್ ಪರೀಕ್ಷೆ. ಅದನ್ನು ಮನಿಲಾದಲ್ಲೇ ಬರೆಯಬಹುದು. ಹಿಂದೆ ಅಮೆರಿಕದ ಪರೀಕ್ಷೆಗೆ ಈ ಅನುಕೂಲ ಇರಲಿಲ್ಲ. 2007ರಲ್ಲಿ ಮನಿಲಾದಲ್ಲಿ ಕೇಂದ್ರ ತೆರೆಯುವ ತನಕ ಪರೀಕ್ಷೆ ಬರೆಯುವುದಕ್ಕೇ ಸಾಲ ಮಾಡಿ ಹಾಂಗ್‌ಕಾಂಗಿಗೋ ಗುವಾಮಿಗೋ ಹೋಗಬೇಕಾಗಿತ್ತು. ಎರಡೂ ಪಾಸಾದ ಮೇಲೆ ಅಲ್ಲಿಯ ನರ್ಸಿಂಗ್ ಮಂಡಳಿ ಕಾಗದ ಪತ್ರಗಳನ್ನೆಲ್ಲ ಪರಿಶೀಲಿಸುತ್ತದೆ. ಕೊನೆಗೆ ಇಂಗ್ಲೆಂಡ್ ಸೇರಿ ಮೂರು ತಿಂಗಳೊಳಗೆ ಇನ್ನೊಂದು ಪರೀಕ್ಷೆಗೆ ಕೂರಬೇಕು. ಅದು ಕೈಯಿಂದ ಮಾಡಿ ತೋರಿಸುವ ಪರೀಕ್ಷೆ. ಕೈ ತೊಳೆಯುವ ಕ್ರಮದಿಂದ ಹಿಡಿದು ರೋಗಿಯನ್ನು ಮಾತಾಡಿಸುವ ರೀತಿಯ ತನಕ ಪರೀಕ್ಷಕರು ಪಕ್ಕದಲ್ಲಿ ನಿಂತು ನೋಡುತ್ತಾರೆ. ಅದೂ ಪಾಸಾಗಿ ನೋಂದಣಿ ಆದ ಮೇಲೆಯೇ ಅವಳು ಅಲ್ಲಿ ಪೂರ್ತಿ ನರ್ಸ್. ಹತ್ತು ವರ್ಷ ಅನುಭವ ಇದ್ದರೂ ಅಲ್ಲಿಯ ತನಕ ಕಲಿಯುವವಳೇ.

ಆತೆ ಎರಡು ಪರೀಕ್ಷೆ ಮುಗಿಸಿದ್ದಳು. ಇಂಗ್ಲಿಷಿನ ಬರವಣಿಗೆ ಭಾಗದಲ್ಲಿ ಒಮ್ಮೆ ಸ್ವಲ್ಪದರಲ್ಲಿ ತಪ್ಪಿಹೋಗಿತ್ತಂತೆ. ಎರಡನೇ ಸಲ ಬರೆಯುವ ಮುಂಚೆ ಲೋಲ ಒಂದು ಡಜನ್ ಮೊಟ್ಟೆ ಕೊಂಡು ಕಟಿಪುನಾನ್ ರಸ್ತೆಯ ಸಾಂತಾ ಕ್ಲಾರಾ ಮಠಕ್ಕೆ ಒಪ್ಪಿಸಿ ಬಂದಿದ್ದರು. ಸ್ಪ್ಯಾನಿಷ್ ಭಾಷೆಯಲ್ಲಿ ‘ಕ್ಲಾರಾ’ ಎಂದರೆ ಮೊಟ್ಟೆಯ ಬಿಳಿ ಭಾಗವೂ ಹೌದು. ಅದಕ್ಕೇ ಆ ಮಾತೆಗೆ ಮೊಟ್ಟೆಯ ಹರಕೆ. ಪರೀಕ್ಷೆ, ಮದುವೆ, ಮಳೆ ಬಾರದಿರುವುದು ಯಾವುದಕ್ಕಾದರೂ ಹೊರುತ್ತಾರೆ. ನಮ್ಮಲ್ಲಿ ಪರೀಕ್ಷೆಗೆ ಮುಂಚೆ ಗಣಪತಿಗೆ ತೆಂಗಿನಕಾಯಿ ಒಡೆಯುವುದಿಲ್ಲವೇ, ಹಾಗೆ.

ಒಂದು ಭಾನುವಾರ ಆತೆ ದೊಡ್ಡದೊಂದು ಕಂದು ಲಕೋಟೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಮನಿಲಾದಲ್ಲಿ ಕೆಲಸ ಹುಡುಕುವವರ ಕಂಕುಳಲ್ಲೆಲ್ಲ ಈ ಲಕೋಟೆ ಇರುತ್ತದೆ. ‘ಲೋಲೊ, ನೀವು ಬ್ಯಾಂಕಿನಲ್ಲಿದ್ದವರಂತೆ. ಒಂದು ಸಲ ನೋಡಿ ಪೊ’ ಎಂದಳು. ನನಗೆ ಖುಷಿಯಾಯಿತು. ನಿವೃತ್ತಿಯಾದ ಮೇಲೆ ಯಾರೂ ನನಗೆ ಕಾಗದ ತೋರಿಸಿರಲಿಲ್ಲ. ಜನನ ಪತ್ರ, ಪಾಸ್‌ಪೋರ್ಟ್, ಕಾಲೇಜಿನ ಅಂಕಪಟ್ಟಿ, ಪರವಾನಗಿ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ಹಳೆಯ ಅಭ್ಯಾಸದಂತೆ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದೆ. ಬೆರಳು ಒಂದು ಕಡೆ ನಿಂತಿತು.

ಪಾಸ್‌ಪೋರ್ಟಿನಲ್ಲಿ ಅವಳ ಹೆಸರಿನ ಮೊದಲ ಭಾಗ ‘ಮರಿಯಾ’ ಎಂದಿತ್ತು. ಅಂಕಪಟ್ಟಿಯಲ್ಲಿ ಬರೀ ‘ಮಾ’, ಪಕ್ಕದಲ್ಲಿ ಒಂದು ಚುಕ್ಕಿ.

‘ನಮ್ಮಲ್ಲಿ ಮರಿಯಾ ಅನ್ನೋದನ್ನ ಎಲ್ಲರೂ ಹಾಗೇ ಬರೆಯೋದು ಲೋಲೊ’ ಎಂದಳು.

‘ಅದು ನಿಮಗೆ ಗೊತ್ತಮ್ಮ. ಇಂಗ್ಲೆಂಡಿನಲ್ಲಿ ಮೇಜಿನ ಹಿಂದೆ ಕೂತ ಗುಮಾಸ್ತನಿಗೆ ಗೊತ್ತೇ?’ ಎಂದೆ.

ಅವಳ ಮುಖ ಸಣ್ಣದಾಯಿತು. ಇಂಥದೇ ಒಂದು ಚುಕ್ಕಿಯಿಂದ ಅವಳ ಗೆಳತಿಗೆ ನಾಲ್ಕು ತಿಂಗಳು ಹೋಗಿತ್ತಂತೆ. ಅಷ್ಟರಲ್ಲಿ ಕೊಡುತ್ತೇನೆಂದ ಕೆಲಸ ಬೇರೆಯವರ ಪಾಲಾಗಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1983ರ ಒಂದು ಸಂಗತಿ ನೆನಪಿಗೆ ಬಂತು. ಆಗ ನಾನು ಮಲೆನಾಡಿನ ಒಂದು ಸಣ್ಣ ಶಾಖೆಯಲ್ಲಿದ್ದೆ. ತೀರಿಹೋದ ಗಂಡನ ಠೇವಣಿ ಹಣಕ್ಕೆಂದು ಒಬ್ಬ ಹೆಂಗಸು ಬಂದರು. ನಮ್ಮ ಪುಸ್ತಕದಲ್ಲಿ ‘ಗೌರಮ್ಮ’, ರೇಷನ್ ಕಾರ್ಡಿನಲ್ಲಿ ‘ಗೌರಿ’. ‘ಹೆಸರು ತಾಳೆಯಾಗುವುದಿಲ್ಲ’ ಎಂದು ಕಳಿಸಿದೆ. ಇನ್ನೊಂದು ಕಾಗದ ತಂದರು, ಅದೂ ಸರಿಯಿಲ್ಲ ಎಂದೆ. ಮೂರನೆಯ ಸಲ ಬಂದಾಗ ಮಳೆ. ಅಂದು ಕಡೆಯ ಬಸ್ಸು ತಪ್ಪಿ ಅವರು ನಡೆದೇ ಊರಿಗೆ ಹೋದರೆಂದು ಮರುದಿನ ನಮ್ಮ ಪ್ಯೂನ್ ಹೇಳಿದ. ನಾನು ನಿಯಮ ಮುರಿದಿರಲಿಲ್ಲ, ನಿಜ. ಆದರೆ ಇಬ್ಬರೂ ಒಬ್ಬರೇ ಎಂದು ಒಂದು ಅಫಿಡವಿಟ್ ಮಾಡಿಸಿದರೆ ಸಾಕು, ಅದು ಇಂಥ ಕಡೆ ಆಗುತ್ತದೆ, ಇಷ್ಟು ಖರ್ಚಾಗುತ್ತದೆ ಎಂದು ಮೊದಲ ದಿನವೇ ಚೀಟಿಯಲ್ಲಿ ಬರೆದುಕೊಡಬಹುದಾಗಿತ್ತಲ್ಲ? ನಾಲ್ಕು ಸಾಲು. ಬರೆದುಕೊಡಲಿಲ್ಲ.

ಬೆಳಿಗ್ಗೆ ಎದ್ದು ಆತೆಯನ್ನು ಕರೆದು, ‘ನಿಮ್ಮಲ್ಲಿ ಒಬ್ಬರೇ ವ್ಯಕ್ತಿ ಎಂಬ ಅಫಿಡವಿಟ್ ಉಂಟೋ?’ ಎಂದು ಕೇಳಿದೆ. ಉಂಟು! ಹೆಸರೂ ಅದೇ, ಬರೆಯುವ ರೀತಿಯೂ ಅದೇ. ಸಮುದ್ರ ದಾಟಿದರೂ ಗುಮಾಸ್ತರ ಜಾತಿ ಒಂದೇ ಎನ್ನಿಸಿತು.

ಆ ವಾರ ಅವಳ ಜೊತೆ ನಾನೂ ಹೊರಟೆ. ಕುಬಾವೊದಲ್ಲಿ ಮೇಲ್ಸೇತುವೆಯ ರೈಲು ಹತ್ತಿ ಲೆಗಾರ್ಡ ನಿಲ್ದಾಣದಲ್ಲಿ ಇಳಿದೆವು. ಅಲ್ಲಿಂದ ಸಂಪಾಲೊಕ್ ಎಂಬ ಕಡೆ ನಡೆದರೆ ಪರವಾನಗಿ ಕೊಡುವ ಸರ್ಕಾರಿ ಆಯೋಗದ ಕಚೇರಿ. ನರ್ಸ್, ಎಂಜಿನಿಯರ್, ಮೇಷ್ಟ್ರು ಹೀಗೆ ಅನೇಕ ವೃತ್ತಿಗಳವರಿಗೆ ಪರೀಕ್ಷೆ ನಡೆಸಿ ನೋಂದಣಿ ಮಾಡುವುದು ಇದೇ ಆಯೋಗ. ಸುತ್ತಲಿನ ಬೀದಿಗಳ ತುಂಬಾ ಕಾಲೇಜುಗಳು, ಕೋಚಿಂಗ್ ತರಗತಿಗಳು, ಜೆರಾಕ್ಸ್ ಅಂಗಡಿಗಳು, ‘ಹತ್ತು ನಿಮಿಷದಲ್ಲಿ ಫೋಟೊ’ ಅಂಗಡಿಗಳು. ಫೋಟೊದಲ್ಲಿ ಕಾಲರ್ ಇರುವ ಅಂಗಿ ಇರಬೇಕು, ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು. ಅರ್ಜಿ ಈಗ ಆನ್‌ಲೈನಿನಲ್ಲೇ ಹಾಕಿ ದಿನ, ಸಮಯ ಪಡೆಯುತ್ತಾರೆ. ಆದರೂ ಜನವೋ ಜನ. ಎಲ್ಲರ ಕೈಯಲ್ಲೂ ಕಂದು ಲಕೋಟೆ, ಎಲ್ಲರೂ ಇಪ್ಪತ್ತು ಮೂವತ್ತರ ಮಕ್ಕಳು. ಕೌಂಟರಿನ ಈಚೆ ಮೂವತ್ತೆಂಟು ವರ್ಷ ಕೂತಿದ್ದ ನಾನು ಅವತ್ತು ಆಚೆಯ ಸಾಲಿನಲ್ಲಿ ನಿಂತಿದ್ದೆ. ಮುಂದಿನವರ ಕಾಗದ ವಾಪಸಾದಾಗ ಹಿಂದಿನವರ ಹೊಟ್ಟೆ ಹೇಗೆ ಕಲಸುತ್ತದೆ ಎಂದು ಗೊತ್ತಾಯಿತು.

ನಮ್ಮ ಸರದಿ ಬಂತು. ಕಿಟಕಿಯ ಹಿಂದಿದ್ದ ಹೆಣ್ಣುಮಗಳು ಕಾಗದಗಳನ್ನು ನೋಡಿದಳು, ಚುಕ್ಕಿಯನ್ನೂ ನೋಡಿದಳು. ಏನೂ ಹೇಳದೆ ಒಂದು ಚೀಟಿ ತೆಗೆದು ಬರೆಯತೊಡಗಿದಳು: ಅಫಿಡವಿಟ್, ಕಾಲೇಜಿನಿಂದ ಒಂದು ದೃಢೀಕರಣ, ಆಮೇಲೆ ವಿದೇಶಾಂಗ ಇಲಾಖೆಯ ಮುದ್ರೆ. ಒಂದು, ಎರಡು, ಮೂರು ಎಂದು ಕ್ರಮವಾಗಿ ಬರೆದುಕೊಟ್ಟಳು. ನಾನು ಕೈಮುಗಿದೆ. ಅವಳು ಇದ್ಯಾರಪ್ಪ ಎಂಬಂತೆ ನೋಡಿ ನಕ್ಕಳು.

ಕಾಲೇಜಿನ ದೃಢೀಕರಣಕ್ಕೆ ಆತೆ ಇಲೊಯಿಲೊಗೆ ಹೋಗಿ ಬರಬೇಕಾಯಿತು. ಆ ಎರಡು ರಾತ್ರಿ ಹುಡುಗ ನಮ್ಮ ಮನೆಯಲ್ಲೇ ಹೆಚ್ಚು ಹೊತ್ತು ಇದ್ದ. ಲೋಲ ಅಡಿಗೆಮನೆಯಲ್ಲಿ ನನ್ನಾಕೆಗೆ ತಮ್ಮ ಕಥೆ ಹೇಳಿದರು. ಮಗಳು ಆರು ವರ್ಷದವಳಿದ್ದಾಗ ಅವರೇ ಮನೆಕೆಲಸಕ್ಕೆಂದು ಹಾಂಗ್‌ಕಾಂಗಿಗೆ ಹೋಗಿದ್ದರಂತೆ, ಒಂಬತ್ತು ವರ್ಷ. ಮಗಳನ್ನು ಸಾಕಿದ್ದು ಲೋಲರ ತಾಯಿ. ಆ ದುಡ್ಡಿನಿಂದಲೇ ಮಗಳು ನರ್ಸಿಂಗ್ ಓದಿದ್ದು. ‘ನನ್ನ ಅಮ್ಮ ನನ್ನ ಮಗಳನ್ನು ಸಾಕಿದಳು. ಈಗ ನಾನು ಮಗಳ ಮಗನನ್ನು ಸಾಕುತ್ತೇನೆ’ ಎಂದರು. ಅಳಲಿಲ್ಲ. ಅತ್ತದ್ದು ನನ್ನಾಕೆ.

ಹೊರದೇಶಕ್ಕೆ ಹೋದವರು ಮನೆಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆಗೆ ಅಲ್ಲಿ ‘ಬಾಲಿಕ್‌ಬಾಯನ್ ಬಾಕ್ಸ್’ ಎನ್ನುತ್ತಾರೆ. ಸಾಬೂನು, ಚಾಕೊಲೇಟು, ಬೂಟು, ಟವೆಲ್ಲು ಎಲ್ಲ ತುಂಬಿ ಹಡಗಿನಲ್ಲಿ ಕಳಿಸುತ್ತಾರೆ. ಬಂದು ಸೇರಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಆತೆ ಒಮ್ಮೆ ಹೇಳಿದ್ದಳು: ‘ಚಿಕ್ಕವಳಿದ್ದಾಗ ಪೆಟ್ಟಿಗೆ ತೆರೆದ ಕೂಡಲೇ ನಾನು ಚಾಕೊಲೇಟು ಹುಡುಕುತ್ತಿರಲಿಲ್ಲ ಲೋಲೊ. ಟವೆಲ್ ತೆಗೆದು ಮೂಸುತ್ತಿದ್ದೆ.’

ಆ ಎರಡನೆಯ ರಾತ್ರಿ ಹುಡುಗ ನನ್ನನ್ನು ಕೇಳಿದ: ‘ಲೋಲೊ, ಅಮ್ಮ ಇಂಗ್ಲೆಂಡಿನ ಲೋಲಗಳಿಗೆ ಇಂಜೆಕ್ಷನ್ ಕೊಡುತ್ತಾಳೆ. ನಮ್ಮ ಲೋಲಗೆ ಯಾರು ಕೊಡುತ್ತಾರೆ?’

ಬಿ.ಕಾಂ. ಓದಿ ಇಡೀ ಜೀವಮಾನ ಜಮಾ-ಖರ್ಚು ಬರೆದವನು ನಾನು. ಆ ಹುಡುಗನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಜಮಾ ಕಡೆ ನೋಡಿದರೆ, 2023ರಲ್ಲಿ ಹೊರದೇಶಗಳಲ್ಲಿರುವ ಫಿಲಿಪ್ಪೀನ್ಸ್ ಜನ ಊರಿಗೆ ಕಳಿಸಿದ ಹಣ 3,300 ಕೋಟಿ ಡಾಲರ್ ದಾಟಿತ್ತು. ಸರ್ಕಾರ ಅವರನ್ನು ‘ಹೊಸ ವೀರರು’ ಎಂದು ಹೊಗಳುತ್ತದೆ. 2020ರ ಡಿಸೆಂಬರ್ 8ರಂದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 90 ವರ್ಷದ ಮಾರ್ಗರೆಟ್ ಕೀನನ್ ಎಂಬ ಅಜ್ಜಿಗೆ ಕೊರೊನಾ ಲಸಿಕೆ ಹಾಕಿದ ಚಿತ್ರವನ್ನು ಜಗತ್ತೆಲ್ಲ ನೋಡಿತು. ಸೂಜಿ ಹಿಡಿದ ಆ ಕೈ ಫಿಲಿಪ್ಪೀನ್ಸಿನಿಂದ ಹೋದ ನರ್ಸ್ ಮೇ ಪಾರ್ಸನ್ಸ್ ಅವರದು. ಖರ್ಚಿನ ಕಡೆಯೂ ನೋಡಬೇಕು. ಅಮೆರಿಕದ ನರ್ಸುಗಳಲ್ಲಿ ಫಿಲಿಪ್ಪೀನ್ಸಿನವರು ನೂರಕ್ಕೆ ನಾಲ್ಕು ಜನ. ಕೊರೊನಾದ ಮೊದಲ ತಿಂಗಳುಗಳಲ್ಲಿ ಅಲ್ಲಿ ಪ್ರಾಣ ಬಿಟ್ಟ ನರ್ಸುಗಳಲ್ಲಿ ಅವರು ಸುಮಾರು ಮೂರರಲ್ಲಿ ಒಂದು ಪಾಲು. ಇತ್ತ ತಮ್ಮ ದೇಶದ ಆಸ್ಪತ್ರೆಗಳಲ್ಲೇ ಕೈ ಸಾಲದೆ, 2020ರ ಕೊನೆಯಲ್ಲಿ ಸರ್ಕಾರ ವರ್ಷಕ್ಕೆ 5,000 ಆರೋಗ್ಯ ಸಿಬ್ಬಂದಿಗಿಂತ ಹೆಚ್ಚು ಜನ ಹೊರಗೆ ಹೋಗಬಾರದೆಂದು ಮಿತಿ ಹಾಕಿತ್ತು. ಆಮೇಲೆ ಅದನ್ನು ಏರಿಸಿತು. ಟವೆಲ್ ಮೂಸುವ ಮಕ್ಕಳ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆಯುವುದು?

‘ಲೋಲಗೆ ಮಾತ್ರೆ ಕೊಡುವುದನ್ನು ನೀನೇ ಕಲಿ’ ಎಂದೆ ಹುಡುಗನಿಗೆ. ಮರುದಿನವೇ ಅವನು ಒಂದು ಕಾಗದದಲ್ಲಿ ಗೆರೆ ಎಳೆದು ಬೆಳಿಗ್ಗೆ, ರಾತ್ರಿ ಎಂದು ಎರಡು ಕಾಲಂ ಮಾಡಿ ಫ್ರಿಜ್ಜಿನ ಮೇಲೆ ಅಂಟಿಸಿದ. ಮಾತ್ರೆ ಕೊಟ್ಟಾಗಲೆಲ್ಲ ಗುರುತು ಹಾಕತೊಡಗಿದ.

ಮಾರ್ಚಿನಲ್ಲಿ ನಾವು ಹಿಂತಿರುಗಿದೆವು. ಮೇ ತಿಂಗಳಲ್ಲಿ ಆತೆ ಇಂಗ್ಲೆಂಡಿಗೆ ಹೋದಳು. ವಿಮಾನ ನಿಲ್ದಾಣದಲ್ಲಿ ಹುಡುಗ ಅಮ್ಮನ ಕೈಯನ್ನು ಹಣೆಗೆ ಇಟ್ಟುಕೊಂಡವನು ಬಹಳ ಹೊತ್ತು ಬಿಡಲೇ ಇಲ್ಲವಂತೆ. ಮಗ ಫೋನಿನಲ್ಲಿ ಹೇಳಿದ. ಆಗಸ್ಟಿನಲ್ಲಿ ಸುದ್ದಿ ಬಂತು. ಕೊನೆಯ ಪರೀಕ್ಷೆ ಪಾಸು, ನೋಂದಣಿ ಸಂಖ್ಯೆ ಕೈಗೆ ಬಂತು. ಅದಕ್ಕೆ ಅಲ್ಲಿ ‘ಪಿನ್’ ಎನ್ನುತ್ತಾರಂತೆ. ಲೋಲ ಮತ್ತೆ ಒಂದು ಡಜನ್ ಮೊಟ್ಟೆ ಒಪ್ಪಿಸಿ ಬಂದರು. ಫ್ರಿಜ್ಜಿನ ಮೇಲಿನ ಕಾಗದ ಐದನೆಯದಕ್ಕೆ ಬಂದಿದೆಯಂತೆ, ಒಂದು ಗುರುತೂ ತಪ್ಪಿಲ್ಲವಂತೆ.

ದೀಪಾವಳಿಯ ಹೊತ್ತಿಗೆ ನನ್ನಾಕೆಗೆ ಜ್ವರ ಬಂದು ಇಲ್ಲೇ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಮೂರು ದಿನ ಇರಬೇಕಾಯಿತು. ರಾತ್ರಿ ಪಾಳಿಗೆ ಕೇರಳದ ಒಬ್ಬ ಸಿಸ್ಟರ್ ಬರುತ್ತಿದ್ದಳು. ಹಿಂದೆ ಆಗಿದ್ದರೆ ಸಮಯಕ್ಕೆ ಸರಿಯಾಗಿ ಬಂದಳೋ ಇಲ್ಲವೋ ಎಂದು ಗಡಿಯಾರ ನೋಡುತ್ತಿದ್ದೆನೇ ಹೊರತು ಮಾತಾಡಿಸುತ್ತಿರಲಿಲ್ಲ. ಈ ಸಲ, ‘ನಿಮ್ಮ ಮಗು ಯಾರ ಹತ್ತಿರ ಇದೆ ಸಿಸ್ಟರ್?’ ಎಂದು ಕೇಳಿದೆ. ಅವಳು ಥರ್ಮಾಮೀಟರ್ ಹಿಡಿದುಕೊಂಡೇ ನಿಂತಳು. ‘ಅಜ್ಜಿ ಹತ್ರ ಸರ್, ಕೊಟ್ಟಾಯದಲ್ಲಿ. ಯುಕೆಜಿ’ ಎಂದಳು.

ಮರುದಿನ ರಾತ್ರಿ ಅವಳೇ ಬಂದು ಸಂಕೋಚದಿಂದ ಕೇಳಿದಳು: ‘ಸರ್, ನೀವು ಬ್ಯಾಂಕಲ್ಲಿ ಇದ್ದವರಂತೆ. ಅಮ್ಮ ಹೇಳಿದ್ರು. ನಾನು ಐರ್ಲೆಂಡಿಗೆ ಅರ್ಜಿ ಹಾಕ್ತಾ ಇದ್ದೀನಿ. ಮಾರ್ಕ್ಸ್ ಕಾರ್ಡಲ್ಲಿ ಬರೀ ಇನಿಶಿಯಲ್ ಇದೆ, ಪಾಸ್‌ಪೋರ್ಟಲ್ಲಿ ಪೂರ್ತಿ ಹೆಸರಿದೆ. ತೊಂದರೆ ಆಗುತ್ತಾ?’

ಮಂಚದ ಮೇಲಿಂದ ನನ್ನಾಕೆ ನನ್ನ ಕಡೆ ನೋಡಿದಳು. ನಾನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡೆ. ‘ಒಂದು ಬಿಳಿ ಹಾಳೆ ಕೊಡಮ್ಮ, ಏನೇನು ಬೇಕು ಅಂತ ಕ್ರಮವಾಗಿ ಬರೆದುಕೊಡ್ತೀನಿ’ ಎಂದೆ.